ದಪ್ಪಕ್ಷರದ ದನಿ



ಕಣ್ಣಿಗೆ ಕಾಣುವ ಅಕ್ಷರದ ವಿಚಾರವನ್ನು ಕಿವಿಗೆ ಹೇಳಹೊರಟಿದ್ದೇನೆ, ಸ್ವಲ್ಪ ಸಹಿಸಿಕೊಳ್ಳಿ. ಇವತ್ತಿನ ಕಥೆ ಕ್ಲಾರೆಂಡನ್ ಎಂಬ ಇಂಗ್ಲಿಷ್ ಅಚ್ಚಕ್ಷರದ್ದು. ಹೆಸರು ಕೇಳಿರಲಿಕ್ಕಿಲ್ಲ, ಆದರೆ ನೋಡಿರುತ್ತೀರಿ. ಕೌಬಾಯ್ ಸಿನಿಮಾಗಳಲ್ಲಿ ದರೋಡೆಕೋರನ ಚಿತ್ರ ಹಾಕಿ, ಹಿಡಿದುಕೊಟ್ಟವರಿಗೆ ಬಹುಮಾನ ಎಂದು ಗೋಡೆಗೆ ಅಂಟಿಸಿರುತ್ತಾರಲ್ಲ, ಅಲ್ಲಿ ಕಾಣುವ ಜಾತಿಯ ಅಕ್ಷರ. ಮೈತುಂಬಿದ ಗೆರೆ, ತುದಿಯಲ್ಲಿ ಅಗಲವಾದ ಪಾದ, ಗೆರೆ ಪಾದಕ್ಕೆ ಸೇರುವಲ್ಲಿ ಮೆತ್ತನೆಯ ಬಾಗು. ಊರ ಮನೆಯ ಪಡಸಾಲೆಯಲ್ಲಿ ಕಲ್ಲಿನ ಮೇಲೆ ನಿಂತ ಮರದ ಕಂಬ ನೆನೆಸಿಕೊಳ್ಳಿ.

ಇದು ಹೊರಬಂದದ್ದು 1845ರಲ್ಲಿ, ಲಂಡನ್ನಿನ ಫ್ಯಾನ್ ಸ್ಟ್ರೀಟ್ ಅಚ್ಚುಮೊಳೆ ಕಾರ್ಖಾನೆಯಿಂದ. ಕಾರ್ಖಾನೆಯ ಪಾಲುದಾರ ರಾಬರ್ಟ್ ಬೆಸ್ಲಿ, ಮುಂದೆ ಲಂಡನ್ನಿನ ಲಾರ್ಡ್ ಮೇಯರ್ ಆದವರು. ಅಕ್ಷರ ಕೆತ್ತಿದವರು ಬೆಂಜಮಿನ್ ಫಾಕ್ಸ್. ದಪ್ಪಕ್ಷರಗಳು ಅದಕ್ಕೂ ಮೊದಲೇ ಇದ್ದವು, ಆದರೆ ಅವೆಲ್ಲ ಜಾಹೀರಾತಿಗೆ ಹುಟ್ಟಿದವು. ಕ್ಲಾರೆಂಡನ್ ಮಾಡಿದ್ದು ಪುಸ್ತಕದ ಸಾಮಾನ್ಯ ಅಕ್ಷರದ ಪಕ್ಕದಲ್ಲಿ, ಅದೇ ಸಾಲಿನಲ್ಲಿ ಕೂರಲಿಕ್ಕೆ. ನಿಘಂಟಿನಲ್ಲಿ ಪದ ದಪ್ಪ, ಅರ್ಥ ತೆಳು. ಹುಡುಕುವವರ ಕಣ್ಣು ನೇರ ಪದದ ಮೇಲೆ ನಿಲ್ಲಬೇಕು.

ಬೆಸ್ಲಿ ಇದನ್ನು ಕಾನೂನುಬದ್ಧವಾಗಿ ನೋಂದಾಯಿಸಿದರು. ರಕ್ಷಣೆ ಸಿಕ್ಕಿದ್ದು ಮೂರೇ ವರ್ಷ. ಅವಧಿ ಮುಗಿದದ್ದೇ ತಡ, ಉಳಿದವರು ನಕಲಿಗೆ ಇಳಿದರು. ಅಗಲ ಮಾಡಿದರು, ಮರದಲ್ಲಿ ಕೊರೆದು ಭಿತ್ತಿಪತ್ರಕ್ಕೆ ಹಾಕಿದರು. ಒಂದು ಪದವನ್ನು ಎತ್ತಿ ಹೇಳಲು ಬಂದದ್ದು ಬೀದಿಯಲ್ಲಿ ನಿಂತು ಕೂಗತೊಡಗಿತು. ಕೂಗಿದ್ದೇನೂ ತಪ್ಪಲ್ಲ, ದೂರದಿಂದ ಓದಲು ಇದು ಚೆನ್ನ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ರಸ್ತೆ ಫಲಕಗಳಲ್ಲಿ ಬಹಳ ವರ್ಷ ಇದೇ ಇತ್ತು.

ನಮ್ಮ ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಒತ್ತಿ ಹೇಳಬೇಕೆಂದರೆ ದಪ್ಪಕ್ಷರವೇ ಗತಿ. ಅದರಲ್ಲೂ ಕಷ್ಟವಿದೆ. ದಪ್ಪ ಮಾಡುತ್ತಾ ಹೋದರೆ ಹೊಟ್ಟೆಯೊಳಗಿನ ಸಂದು ಮುಚ್ಚಿ ಪ ಯಾವುದು, ಷ ಯಾವುದು ತಿಳಿಯದು. ಭ-ದ ಕೆಳಗಿನ ಸೀಳು ಮಸಿಯಲ್ಲಿ ಮುಳುಗಿದರೆ ಭಾರ ಬಾರ ಆಗುತ್ತದೆ!

ಇದೆಲ್ಲ ನನ್ನ ತಲೆ ಹೊಕ್ಕದ್ದು ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಮುಂಬಯಿಯ ಒಂದು ಸಂಘದಿಂದ ಕಣ್ಣಿನ ತಪಾಸಣಾ ಶಿಬಿರದ ಪ್ರಕಟಣೆ ಬಂದಿತ್ತು. ಇಡೀ ಹಾಳೆ ದಪ್ಪಕ್ಷರ. ಅಧ್ಯಕ್ಷರು ದಪ್ಪ, ಉಪಾಧ್ಯಕ್ಷರು ದಪ್ಪ, ದಾನಿಗಳಂತೂ ಇನ್ನೂ ದಪ್ಪ. ಶಿಬಿರವನ್ನು ಒಂದು ವಾರ ಮುಂದೂಡಿದ ಸಾಲು ಅವರ ನಡುವೆ ಎಲ್ಲೋ ಇತ್ತು. ನಾನು ಹಳೆಯ ದಿನಾಂಕವನ್ನೇ ಓದಿದೆ. ಮುಂಚೆ ಒಮ್ಮೆ ನೋಡಿಕೊಳ್ಳದೆ ಓದಿದ್ದು ನನ್ನದೇ ತಪ್ಪು. ಡೊಂಬಿವಲಿಯಿಂದ ವಯಸ್ಸಾದ ದಂಪತಿ ಲೋಕಲ್ ಹಿಡಿದು ಬಂದು, ಬಾಗಿಲಿನ ಬೀಗ ನೋಡಿ ಹಿಂದಿರುಗಿದರು. ಮರುದಿನ ಅಜ್ಜಿಯ ಫೋನು. ಬೈಯಲಿಲ್ಲ. “ನಿನ್ನ ಮಾತು ನಂಬಿ ಬಂದಿದ್ವಿ ನೋಡವಾ” ಎಂದಷ್ಟೇ ಹೇಳಿದರು.

ಆಮೇಲೆ ಪ್ರಕಟಣೆ ಕೈಗೆ ಬಂದರೆ ಮೊದಲು ಕೆಂಪು ಪೆನ್ಸಿಲಿನಿಂದ ದಿನ, ಸ್ಥಳಗಳಿಗೆ ಮಾತ್ರ ಗೆರೆ ಎಳೆಯುತ್ತೇನೆ. ಮೈಕಿನ ಮುಂದೆ ಅವೆರಡನ್ನು ಓದುವಾಗ ಮಾತ್ರ ದನಿ ಭಾರವಾಗುತ್ತದೆ. ಸಂಘದ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ: ನೀವೂ ಅವೆರಡನ್ನೇ ದಪ್ಪ ಮಾಡಿ ಕಳುಹಿಸಿ. ಅಧ್ಯಕ್ಷರ ಹೆಸರನ್ನು ನಾನು ಹೇಗೂ ಬಿಡುವುದಿಲ್ಲ.