ತಕ್ಕಡಿ ಹಿಡಿದವರ ಧರ್ಮ

(ತಾಲ್ಲೂಕು ರೈತ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಸಾರಾಂಶ)



ಬೆಲೆ, ಸಾಲದ ಮಾತು ಬಿಟ್ಟು ದಿಲ್ಲಿಯ ಸಭಾಧ್ಯಕ್ಷರ ವಿಚಾರ ಯಾಕೆ ಎತ್ತಿದ ಇವನು ಅಂತ ನೀವು ಕೇಳಬಹುದು. ನಮ್ಮ ಬೆಳೆಯನ್ನು ಯಾರು, ಎಲ್ಲಿ, ಹೇಗೆ ಕೊಳ್ಳಬೇಕು ಅನ್ನೋ ಕಾನೂನು ಪಾಸಾಗೋದು ಅವರ ಮುಂದೆಯೇ. ಅದಕ್ಕೆ ಎತ್ತಿದೆ.

ಲೋಕಸಭೆಯಲ್ಲಿ ಸ್ಪೀಕರ್, ರಾಜ್ಯಸಭೆಯಲ್ಲಿ ಸಭಾಪತಿ, ಅವರಿಲ್ಲದಾಗ ಉಪಸಭಾಪತಿ. ಸಂವಿಧಾನದ 100ನೇ ವಿಧಿಯಂತೆ ಪೀಠದಲ್ಲಿ ಕೂತವರಿಗೆ ಮೊದಲು ಮತವಿಲ್ಲ; ಎರಡೂ ಕಡೆ ಸಮ ಬಂದರೆ ಮಾತ್ರ ಉಂಟು. ಅಂದರೆ ಅವರು ತಕ್ಕಡಿ ಹಿಡಿಯೋರು, ಮಾಲು ಕೊಳ್ಳೋರಲ್ಲ.

ಮಸೂದೆ ಮತಕ್ಕೆ ಬಂದಾಗ ಒಪ್ಪಿದವರು, ಒಪ್ಪದವರು ಕೂಗ್ತಾರೆ. ಯಾವ ಕೂಗು ದೊಡ್ಡದು ಅಂತ ಪೀಠ ಹೇಳುತ್ತೆ. ಇದು ಧ್ವನಿಮತ. ಸಂಶಯ ಬಂದ ಸದಸ್ಯರು 'ಮತ ಎಣಿಸಿ' ಅಂತ ಕೇಳಬಹುದು. ಮಂಡಿಯಲ್ಲಿ ದಲ್ಲಾಳಿ ಮೂಟೆ ನೋಡಿಯೇ ತೂಕ ಹೇಳಿದರೆ ನಾವು ಒಪ್ತೀವಾ? 'ತಕ್ಕಡಿಗೆ ಹಾಕಪ್ಪಾ' ಅಂತೀವಿ. ಇದೂ ಅಷ್ಟೆ.

2020ರ ಸೆಪ್ಟೆಂಬರ್ 20, ಭಾನುವಾರ. ರಾಜ್ಯಸಭೆಯಲ್ಲಿ ಎರಡು ಕೃಷಿ ಮಸೂದೆಗಳು. ಪೀಠದಲ್ಲಿ ಉಪಸಭಾಪತಿ ಹರಿವಂಶ್. ವಿರೋಧ ಪಕ್ಷದವರು ಮತ ಎಣಿಸಿ ಅಂದರು. ಎಣಿಸಲಿಲ್ಲ, ಧ್ವನಿಮತದಲ್ಲೇ ಪಾಸಾಯಿತು. ಕೇಳಿದವರು ತಮ್ಮ ಜಾಗದಲ್ಲಿ ಇರಲಿಲ್ಲ ಅನ್ನೋದು ಪೀಠದ ವಾದ. ಇದ್ದೇ ಕೇಳಿದೆವು ಅನ್ನೋದು ಅವರ ವಾದ. ಗದ್ದಲವಾಯಿತು, ಮರುದಿನ ಎಂಟು ಸದಸ್ಯರ ಅಮಾನತಾಯಿತು. ಗದ್ದಲ ಸರಿ ಅಂತ ನಾನು ಹೇಳೋಲ್ಲ. ಆದರೆ ಮರುದಿನ ಶಾಂತವಾಗಿ ಎಣಿಸಿದ್ದರೆ ಯಾರ ಗಂಟು ಹೋಗ್ತಿತ್ತು? ಬಹುಮತ ಇದ್ದವರಿಗೆ ಎಣಿಕೆಯ ಭಯ ಯಾಕೆ?

ಆಮೇಲೆ ರೈತರು ದಿಲ್ಲಿಯ ಗಡಿಯಲ್ಲಿ ಒಂದು ವರ್ಷ ಕೂರಬೇಕಾಯಿತು. 2021ರ ನವೆಂಬರ್ 29ರಂದು ಕಾನೂನು ರದ್ದುಮಾಡುವ ಮಸೂದೆ ಪಾಸಾಯಿತು. ಆಗಲೂ ಲೋಕಸಭೆಯಲ್ಲಿ ಚರ್ಚೆ ಕೇಳಿದರು, ಸಿಗಲಿಲ್ಲ. ಗೆದ್ದೆವಲ್ಲ ಅಂತ ಇದನ್ನ ಮರೀಬಾರದು. ಚರ್ಚೆ ಆಗಿದ್ದರೆ ಬೆಂಬಲ ಬೆಲೆಯ ಮಾತು ಅವತ್ತೇ ಸದನದಲ್ಲಿ ಎದ್ದು ನಿಲ್ತಿತ್ತು.

ಪೀಠದ ಧರ್ಮ ಬಲ್ಲವರೂ ಅಲ್ಲಿ ಕೂತಿದ್ದರು. 1967ರಲ್ಲಿ ಸ್ಪೀಕರ್ ಆದ ನೀಲಂ ಸಂಜೀವ ರೆಡ್ಡಿಯವರು ತಮ್ಮ ಪಕ್ಷಕ್ಕೇ ರಾಜೀನಾಮೆ ಕೊಟ್ಟರು. 2008ರಲ್ಲಿ ಸೋಮನಾಥ ಚಟರ್ಜಿಯವರು, ಪಕ್ಷ ಹೇಳಿದರೂ ಪೀಠ ಬಿಡಲಿಲ್ಲ. ಪಕ್ಷ ಅವರನ್ನೇ ಹೊರಹಾಕಿತು.

ಆದ್ದರಿಂದ ಓಟು ಕೇಳೋಕೆ ಬಂದವರನ್ನು ಬೆಲೆ ಕೊಡಿಸ್ತೀರಾ ಅಂತಷ್ಟೇ ಕೇಳಬೇಡಿ. 'ನಮ್ಮ ಕಾನೂನು ಬಂದ ದಿನ ನಿಮ್ಮ ಜಾಗದಲ್ಲೇ ನಿಂತು, ಎಣಿಸಿ ಅಂತ ಕೇಳ್ತೀರಾ?' ಅಂತಲೂ ಕೇಳಿ. ತೂಕ ಸರಿಯಿಲ್ಲದ ಮಂಡಿಯಲ್ಲಿ ಬೆಳೆ ಎಷ್ಟು ಚೆನ್ನಾಗಿದ್ದರೂ ರೈತನಿಗೆ ನಷ್ಟವೇ.