ನಕ್ಷತ್ರಕ್ಕೆ ಹಿಡಿಯುವ ಗ್ರಹಣ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಸೂರ್ಯ ಚಂದ್ರರ ಗ್ರಹಣ ಯಾವಾಗ ಎಂದು ನಾವು ಪಂಚಾಂಗ ನೋಡಿ ತಿಳಿಯುತ್ತೇವೆ. ನಕ್ಷತ್ರಗಳಿಗೂ ಗ್ರಹಣ ಹಿಡಿಯುವುದುಂಟು. ಅದರ ವೇಳೆಯನ್ನು ನೀವೇ ಮೊದಲಾಗಿ ಹೇಳಬಹುದು. ದುರ್ಬೀನು ಬೇಡ; ಒಂದು ಗಡಿಯಾರ, ಒಂದು ವಹಿ, ಕೂಡುವ ಲೆಕ್ಕ, ಇಷ್ಟು ಸಾಕು.

ನವೆಂಬರ್ ತಿಂಗಳ ನಡುರಾತ್ರಿ, ಹೋಟೆಲಿನ ಬಾಗಿಲು ಹಾಕಿ ಹೊರಬರುವ ಹೊತ್ತಿಗೆ, ಕೃತ್ತಿಕೆಯ ಗೊಂಚಲು ನೆತ್ತಿಯ ಹತ್ತಿರ ಇರುತ್ತದೆ. ಕೈ ಚಾಚಿ ಅಲ್ಲಿಂದ ಉತ್ತರಕ್ಕೆ, ತುಸು ಪಶ್ಚಿಮಕ್ಕೆ ವಾಲಿಸಿ, ಒಂದು ಗೇಣು ಅಳೆಯಿರಿ. ಅಲ್ಲಿ ಕಾಣುವುದೇ ಅಲ್ಗೋಲ್. ಪಿಶಾಚಿಯ ತಲೆ ಎಂಬರ್ಥದ ಅರಬ್ಬೀ ಹೆಸರು. ಪಿಶಾಚಿಯೂ ಇಲ್ಲ, ರಾಹುವೂ ಇಲ್ಲ. ಅಲ್ಲಿ ಒಂದನ್ನೊಂದು ಸುತ್ತುವ ಜೋಡಿ ನಕ್ಷತ್ರಗಳಿವೆ. ಮಂಕಾದದ್ದು ಉಜ್ವಲವಾದದ್ದರ ಮುಂದೆ ಹಾಯ್ದಾಗ ಬೆಳಕು ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಇಳಿಯಲು ಐದು ಗಂಟೆ, ಏರಲು ಐದು ಗಂಟೆ.

ಈ ಗ್ರಹಣ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ತಪ್ಪದೆ ಬರುತ್ತದೆ. ಇಳಿಯುವಾಗ ಅಲ್ಗೋಲ್ ಪಕ್ಕದ ಒಂದು ನಕ್ಷತ್ರಕ್ಕೆ ಸಮವಾದ ವೇಳೆ 12-45 ಎನ್ನಿ; ಏರುವಾಗ ಅದಕ್ಕೇ ಮತ್ತೆ ಸಮವಾದದ್ದು 3-15. ಇವುಗಳ ನಡುವೆ, 2 ಗಂಟೆಗೆ, ಗ್ರಹಣದ ಮಧ್ಯ. ಅದು ಸೋಮವಾರದ ಬೆಳಗಿನ ಜಾವವಾದರೆ, ಮುಂದಿನದು ಬುಧವಾರ ರಾತ್ರಿ 10-49ಕ್ಕೆ, ಅದರ ಮುಂದಿನದು ಶನಿವಾರ ಸಂಜೆ 7-38ಕ್ಕೆ. ನಾಲ್ಕನೆಯದು ಮಂಗಳವಾರ 4-27ಕ್ಕೆ. ಆಗ ಇನ್ನೂ ಬಿಸಿಲು, ಕಾಣದು. ನಮ್ಮ ಪಾಳಿಯಂತೆ ಅದರ ಪಾಳಿಯೂ ಹಿಂದೆ ಸರಿಯುತ್ತ ಹೋಗುತ್ತದೆ.

ಬರಿಗಣ್ಣಿನ ಅಳತೆ ನೆಚ್ಚಬಹುದೇ ಎಂದು ಕೇಳುವಿರಿ. ವರ್ಷಕ್ಕೆ ಸುಮಾರು 127 ಗ್ರಹಣಗಳು. ವರ್ಷದ ಅಂತರದಲ್ಲಿ ಎರಡನ್ನು ನೋಡಿದಿರಿ, ಎರಡರಲ್ಲೂ ಹತ್ತು ಹತ್ತು ನಿಮಿಷ ತಪ್ಪಿದಿರಿ ಎನ್ನೋಣ. ಆ ಇಪ್ಪತ್ತು ನಿಮಿಷ 127 ಸುತ್ತುಗಳಲ್ಲಿ ಹಂಚಿಹೋಗಿ, ಒಂದು ಸುತ್ತಿನ ಅವಧಿಯಲ್ಲಿ ಹತ್ತು ಸೆಕೆಂಡಿನ ತಪ್ಪೂ ಉಳಿಯದು. ಉಪಕರಣದ ಬಡತನವನ್ನು ತಾಳ್ಮೆ ತುಂಬಿಕೊಡುತ್ತದೆ.

ಇದನ್ನು ಮಾಡಿ ತೋರಿಸಿದವನು ಇಂಗ್ಲೆಂಡಿನ ಯಾರ್ಕ್ ನಗರದ ಜಾನ್ ಗುಡ್ರಿಕ್. ಎಳವೆಯಲ್ಲೇ ಕಿವಿ ಕಳೆದುಕೊಂಡ ಹುಡುಗ. 1782ರಲ್ಲಿ, 18ನೆಯ ವಯಸ್ಸಿನಲ್ಲಿ, ರಾತ್ರಿ ರಾತ್ರಿ ಕಾದು ಈ ಅವಧಿಯನ್ನು ಲೆಕ್ಕಹಾಕತೊಡಗಿದ. ಮುಂದಿನ ವರ್ಷವೇ ರಾಯಲ್ ಸೊಸೈಟಿ ಅವನಿಗೆ ಕೋಪ್ಲಿ ಪದಕ ಕೊಟ್ಟಿತು. 1786ರಲ್ಲಿ, 21ರ ಹರೆಯದಲ್ಲಿ, ತೀರಿಕೊಂಡ. ಅದೇ ಕಾಲದಲ್ಲಿ ಜರ್ಮನಿಯ ಡ್ರೆಸ್ಡನ್ ಬಳಿಯ ಪಾಲಿಟ್ಜ್ ಎಂಬ ಒಕ್ಕಲಿಗನೂ ತಾನಾಗಿಯೇ ಇದನ್ನು ಕಂಡುಕೊಂಡಿದ್ದ.

ಇಂದು ಇಂಥ ಜೋಡಿಗಳು ಲಕ್ಷಗಟ್ಟಲೆ ಗೊತ್ತಿವೆ. ಕೆಲವು ಜೋಡಿಗಳಲ್ಲಿ ಒಂದರ ಅನಿಲ ಇನ್ನೊಂದಕ್ಕೆ ಹರಿದು ಅವಧಿ ಮೆಲ್ಲಗೆ ಬದಲಾಗುತ್ತದೆ. ಲೆಕ್ಕ ಹೇಳಿದ ವೇಳೆಗೂ ಕಣ್ಣು ಕಂಡ ವೇಳೆಗೂ ಬೀಳುವ ಅಂತರದಿಂದಲೇ ಅದು ತಿಳಿಯುವುದು. ಅದಕ್ಕಾಗಿಯೇ 1911ರಲ್ಲಿ ಅಮೇರಿಕದಲ್ಲಿ ಹುಟ್ಟಿದ, ಕಾಂತಿ ಬದಲಾಗುವ ನಕ್ಷತ್ರಗಳ ವೀಕ್ಷಕರ ಸಂಘ ಹವ್ಯಾಸಿಗಳ ವರದಿಗಳನ್ನೂ ಕೂಡಿಡುತ್ತ ಬಂದಿದೆ. ಅಲ್ಲಿ ಪದವಿ ಕೇಳುವುದಿಲ್ಲ. ದಿನಾಂಕ, ವೇಳೆ, ಕಂಡದ್ದು, ಇಷ್ಟನ್ನೇ ಕೇಳುತ್ತಾರೆ.

ಬಾಂಧವರೇ, ನಮ್ಮ ವೇಳೆಯನ್ನು ಬೇರೆಯವರು ಗೊತ್ತುಮಾಡುತ್ತಾರೆ. ಆದರೆ ಮಾಳಿಗೆಯ ಮೇಲೆ ನಿಂತು, “ಬುಧವಾರ 10-49ಕ್ಕೆ ಆ ನಕ್ಷತ್ರ ಮಂಕಾಗುತ್ತದೆ” ಎಂದು ಜೊತೆಗಾರನಿಗೆ ಹೇಳಿ, ಹೇಳಿದಂತೆಯೇ ಆದಾಗ, ಆ ಲೆಕ್ಕ ನಿಮ್ಮದೇ. ಈ ನವೆಂಬರಿನಲ್ಲಿ ಒಮ್ಮೆ ನೋಡಿ.