ಚಿಕಿತ್ಸೆ ಮುಗಿದ ಮೇಲೂ ಜೊತೆ ಬೇಕು
(ದುಬೈಯಲ್ಲಿ ನಡೆದ ಆರೋಗ್ಯ ಸಭೆಯ ಮಾತಿನ ಬರಹರೂಪ)

ವಾರಕ್ಕೆ ಸಿಗುವ ಒಂದೇ ರಜೆ ಬಿಟ್ಟು ಬಂದಿದ್ದೀರಿ, ಹಾಗಾಗಿ ನೇರ ವಿಷಯಕ್ಕೆ ಬರ್ತೇನೆ. ನಾನು ಬಿ.ಕಾಂ. ಓದಿ ಇಲ್ಲಿ ಲೆಕ್ಕ ಬರೆಯುವವಳು. ವಯಸ್ಸು 36. ಮೂರು ವರ್ಷದ ಹಿಂದೆ ಎಡ ಸ್ತನದಲ್ಲಿ ಕ್ಯಾನ್ಸರ್ ಇದೆ ಅಂತ ಗೊತ್ತಾಯ್ತು. ಆಪರೇಷನ್, ಕೀಮೊ, ರೇಡಿಯೇಷನ್ ಎಲ್ಲ ಆಯ್ತು. ಈಗ ದಿನಕ್ಕೊಂದು ಮಾತ್ರೆ, ಆರು ತಿಂಗಳಿಗೊಮ್ಮೆ ಡಾಕ್ಟರು, ಬೆಳಿಗ್ಗೆ ಎಂಟಕ್ಕೆ ಆಫೀಸು.

ಮೈಕಿನಲ್ಲಿ ಸ್ತನ ಅಂದ ಕೂಡಲೇ ಹಿಂದಿನ ಸಾಲಿನ ಅಣ್ಣಂದಿರು ತಲೆ ತಗ್ಗಿಸಿದಿರಿ. ಬೇಡ. ನೂರರಲ್ಲಿ ಸುಮಾರು ಒಬ್ಬ ರೋಗಿ ಗಂಡಸೇ. ಮತ್ತೆ ಊರಲ್ಲಿ ನಿಮ್ಮ ಅಮ್ಮ, ಹೆಂಡತಿ, ತಂಗಿ ಇದ್ದಾರಲ್ಲ? ನೋವಿಲ್ಲದ ಗಂಟಾದರೂ ತೋರಿಸಿ ಅಂತ ಇವತ್ತೇ ಫೋನಿನಲ್ಲಿ ಹೇಳಿ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ. ಅದನ್ನು ಹೇಳಬೇಕಾದವರು ಡಾಕ್ಟರು, ಪಕ್ಕದ ಮನೆಯವರಲ್ಲ.

ಎಲ್ಲರೂ ಕೇಳುವುದು ಚಿಕಿತ್ಸೆಯ ಬಗ್ಗೆ. ನನಗೆ ಹೆಚ್ಚು ಕಷ್ಟವಾದದ್ದು ಅದು ಮುಗಿದ ಮೇಲೆ. ಅಲ್ಲಿಯವರೆಗೆ ಒಬ್ಬರಲ್ಲ ಒಬ್ಬರು ನರ್ಸ್ ನಮ್ಮನ್ನು ನೋಡ್ತಾ ಇರ್ತಾರೆ. ಕೊನೆಯ ರೇಡಿಯೇಷನ್ ಆದ ಮರುದಿನ ಯಾರೂ ಇಲ್ಲ. ಊರಿನವರು ‘ಗುಣ ಆಯ್ತಲ್ಲ’ ಅಂತ ನಿರಾಳ ಆಗ್ತಾರೆ, ಸೂಪರ್‌ವೈಸರ್ ಹಳೇ ಕೆಲಸ ಹಳೇ ವೇಗದಲ್ಲೇ ಕೇಳ್ತಾರೆ. ನಮಗೋ, ಒಂದು ಬೆನ್ನುನೋವು ಬಂದರೂ ‘ಮತ್ತೆ ಬಂತಾ?’ ಅಂತ ಎದೆ ಝಲ್ಲೆನ್ನುತ್ತೆ. ಇದು ಹೇಡಿತನ ಅಲ್ಲ, ಈ ದಾರಿಯಲ್ಲಿ ಬಂದವರಲ್ಲಿ ತುಂಬಾ ಜನರಿಗೆ ಇರುವಂಥದ್ದು.

ನಾನು ಒಂದು ಪುಸ್ತಕ ಇಟ್ಟಿದ್ದೇನೆ. ನೋವು ಎಲ್ಲಿ, ಯಾವ ತಾರೀಖಿನಿಂದ, ಅಷ್ಟೇ ಬರೆಯೋದು. ಎರಡು ವಾರದೊಳಗೆ ಹೋದರೆ ಗೀಟು ಹೊಡೆಯುತ್ತೇನೆ, ಹೋಗದಿದ್ದರೆ ಡಾಕ್ಟರಿಗೆ ಫೋನ್. ಹೊಸ ಗಂಟು, ಉಸಿರಾಟದ ತೊಂದರೆ, ಕೈ ಊತ ಇಂಥದ್ದಕ್ಕೆ ಮಾತ್ರ ಎರಡು ವಾರ ಕಾಯುವ ಹಾಗಿಲ್ಲ. ಈವರೆಗೆ ಪುಸ್ತಕದ ತುಂಬಾ ಗೀಟುಗಳೇ. ನಿದ್ದೆ ಬಾರದ ರಾತ್ರಿ ಅದನ್ನು ತಿರುವಿ ಹಾಕ್ತೇನೆ.

‘ಧೈರ್ಯವಾಗಿರು’ ಅಂತ ಎಷ್ಟು ಜನ ಹೇಳಿದರೋ ಲೆಕ್ಕ ಇಲ್ಲ. ಕೆಲಸಕ್ಕೆ ಬಂದದ್ದು ಬೇರೆ. ನನ್ನ ರೂಮಿನಲ್ಲಿದ್ದ ಕುಂದಾಪುರದ ಅಕ್ಕ ಕೀಮೊ ಆದ ಮೂರು ದಿನ ಏನೂ ಮಾತಾಡದೆ ಗಂಜಿ ಮಾಡಿಟ್ಟು ಡ್ಯೂಟಿಗೆ ಹೋಗ್ತಿದ್ದರು. ನನಗೆ ಬಾಯಿಹುಣ್ಣು ಅಂತ ತಾವೂ ಉಪ್ಪಿನಕಾಯಿ ಬಿಟ್ಟರು. ಕುಂದಾಪುರದವರಿಗೆ ಇದು ಸಣ್ಣ ತ್ಯಾಗ ಅಲ್ಲ! ಇನ್ನೊಬ್ಬರು ಆಸ್ಪತ್ರೆಯಲ್ಲಿ ಕಾಯುವಾಗ ಸಿಕ್ಕಿದ ಮಲಯಾಳಿ ಚೇಚಿ. ವರ್ಷದ ತಪಾಸಣೆಗೆ ಬಂದಿದ್ದರು. ನನ್ನ ಬೋಳುತಲೆ ನೋಡಿ, ತಮ್ಮ ದಪ್ಪ ಜಡೆ ಮುಂದೆ ಹಾಕಿ ಹರುಕು ಹಿಂದಿಯಲ್ಲಿ ‘ಆರು ವರ್ಷ ಆಯ್ತು’ ಅಂದರು. ಡಾಕ್ಟರು ತೋರಿಸಿದ ಯಾವ ಚಾರ್ಟೂ ಆ ಜಡೆಯಷ್ಟು ನಂಬಿಕೆ ಕೊಡಲಿಲ್ಲ. ಚಿಕಿತ್ಸೆ ಮುಗಿಸಿದವರು ಯಾರಾದರೂ ಇಲ್ಲಿದ್ದರೆ, ಹೊಸಬರ ಪಕ್ಕ ಹೋಗಿ ಕೂತ್ಕೊಳ್ಳಿ. ಮಾತು ಬರದಿದ್ದರೂ ನಡೆಯುತ್ತೆ. ರೂಮಿನವರು ತಟ್ಟೆ-ಲೋಟ ಬೇರೆ ಇಡಬೇಡಿ, ಇದು ಅಂಟುರೋಗ ಅಲ್ಲ.

ಇನ್ನು ನನ್ನ ಕಸುಬಿನ ಮಾತು. ನಾಳೆ ಕೆಲಸ ಉಳಿಯುತ್ತೋ ಇಲ್ಲವೋ ಗೊತ್ತಿಲ್ಲದವಳಿಗೆ ಭರವಸೆ ಇಟ್ಕೋ ಅಂದರೆ ಎಲ್ಲಿಂದ ತರ್ತಾಳೆ? ಹಾಗಾಗಿ ಇದನ್ನು ಬರ್ಕೊಳ್ಳಿ. ಕಂಪನಿ ಕೆಲಸದವರಿಗೆ ಪ್ರೊಬೇಷನ್ ಮುಗಿದ ಮೇಲೆ ವರ್ಷಕ್ಕೆ 90 ದಿನದವರೆಗೆ ಕಾಯಿಲೆ ರಜೆ ಇದೆ: ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದದ್ದು ಸಂಬಳವಿಲ್ಲದೆ. ಕಾಯಿಲೆ ವಿಷಯವನ್ನು 3 ಕೆಲಸದ ದಿನಗಳೊಳಗೆ ಮೆಡಿಕಲ್ ರಿಪೋರ್ಟ್ ಸಮೇತ ಕಂಪನಿಗೆ ತಿಳಿಸಬೇಕು. ಮನೆಕೆಲಸದವರಿಗೆ ಕಾನೂನು ಬೇರೆ, ರಜೆ ಕಡಿಮೆ.

ದುಬೈ ವೀಸಾದವರ ಆರೋಗ್ಯ ವಿಮೆಯ ಹಣ ಕಟ್ಟುವುದು ಮಾಲೀಕರ ಹೊಣೆ, ನಿಮ್ಮ ಸಂಬಳದಿಂದ ಮುರಿಯುವ ಹಾಗಿಲ್ಲ. ಬೇಸಿಕ್ ಪ್ಲಾನಿಗೆ ವರ್ಷದ ಮಿತಿ 1,50,000 ದಿರ್ಹಮ್. ಕ್ಯಾನ್ಸರಿಗೆ ಅದು ಬೇಗ ಮುಗಿಯುತ್ತೆ. ಅಂಥವರಿಗಾಗಿಯೇ ದುಬೈ ಆರೋಗ್ಯ ಪ್ರಾಧಿಕಾರದ ‘ಬಸ್ಮಾ’ ಯೋಜನೆ ಇದೆ, ಸ್ತನ ಕ್ಯಾನ್ಸರ್ ಅದರಲ್ಲಿ ಸೇರಿದೆ. ‘ನನ್ನ ಹೆಸರು ಬಸ್ಮಾದಲ್ಲಿ ಸೇರಿಸಿದ್ದೀರಾ?’ ಅಂತ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ನೀವೇ ಕೇಳಿ.

ಊರಿಗೇ ಹೋಗ್ತೇನೆ ಅನ್ನುವವರಿಗೆ ಬೆಂಗಳೂರಿನ ಕಿದ್ವಾಯಿ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತೆ. ಆದರೆ ವೀಸಾ ಕ್ಯಾನ್ಸಲ್ ಆದರೆ ಇಲ್ಲಿನ ವಿಮೆಯೂ ಹೋಯ್ತು ಅಂತ ತಿಳ್ಕೊಳ್ಳಿ. ಅದಕ್ಕೇ, ಗಾಬರಿಯಲ್ಲಿ ರಾಜೀನಾಮೆಗೆ ಸಹಿ ಹಾಕಬೇಡಿ. ಮೊದಲು ಯಾರಿಗಾದರೂ ಆ ಕಾಗದ ತೋರಿಸಿ.

ನಾನು ಊಟದ ಹೊತ್ತಿಗೆ ಬಾಗಿಲ ಹತ್ತಿರದ ಮೇಜಿನಲ್ಲಿ ಇರ್ತೇನೆ. ಇನ್ಶೂರೆನ್ಸ್ ಕಾರ್ಡ್ ತಂದವರು ಅಲ್ಲಿಗೆ ಬನ್ನಿ, ನಿಮ್ಮ ಪ್ಲಾನ್ ಯಾವುದು ಅಂತ ಒಟ್ಟಿಗೆ ಕೂತು ನೋಡೋಣ.